ಕಹಿಯಿಂದ ಆರಂಭವಾದ ವರ್ಷ: ಕಚ್ಛ್ ನಾಡು ಕಲಿಸಿದ ಭರವಸೆಯ ಪಾಠ

ಹೊಸ ವರ್ಷದ ಹೊಸ್ತಿಲಲ್ಲಿ ಮನುಷ್ಯನ ಮನಸ್ಸು ಸಹಜವಾಗಿಯೇ ಶುಭವನ್ನು ಬಯಸುತ್ತದೆ. ಆದರೆ ಕಾಲವು ನಮ್ಮ ಬಯಕೆಯನ್ನು ಕೇಳಿ ನಡೆಯುವುದಿಲ್ಲ. ಎಷ್ಟೋ ಮನೆಗಳಿಗೆ ವರ್ಷದ ಮೊದಲ ತಿಂಗಳೇ ಸಾವನ್ನೋ, ಕಾಯಿಲೆಯನ್ನೋ, ನಷ್ಟವನ್ನೋ ಹೊತ್ತು ತರುತ್ತದೆ. ಆಗ ನಮ್ಮ ಬಾಯಿಂದ ಹೊರಡುವ ಮೊದಲ ಮಾತು "ಆರಂಭವೇ ಹೀಗಾದರೆ ಮುಂದಿನ ಗತಿಯೇನು?" ಎಂಬುದು. ಈ ಮಾತಿನಲ್ಲಿ ದುಃಖಕ್ಕಿಂತ ದೊಡ್ಡದಾದ ಒಂದು ಅಪಾಯವಿದೆ. ಕಳೆದುಹೋದ ಒಂದು ದಿನದ ಕೈಗೆ ಬರಲಿರುವ ದಿನಗಳನ್ನೆಲ್ಲ ಒಪ್ಪಿಸಿಬಿಡುವ ಅಪಾಯವದು. ಈ ಪ್ರಶ್ನೆಗೆ ಉತ್ತರವನ್ನು ಬರಿಯ ಉಪದೇಶದಲ್ಲಿ ಅರಸುವುದಕ್ಕಿಂತ, ಅದನ್ನು ಬಾಳಿನಲ್ಲಿ ಎದುರಿಸಿದ ಜನರ ಚರಿತ್ರೆಯಲ್ಲಿ ಅರಸುವುದು ಲೇಸು.

2001ನೆಯ ವರ್ಷವು ಹೊಸ ಶತಮಾನದ ಮೊದಲ ವರ್ಷ. ಆ ವರ್ಷ ಹುಟ್ಟಿ ಇಪ್ಪತ್ತಾರನೆಯ ದಿನ, ಶುಕ್ರವಾರ, ನಾಡೆಲ್ಲ ಗಣರಾಜ್ಯೋತ್ಸವದ ಧ್ವಜವಂದನೆಯಲ್ಲಿ ತೊಡಗಿತ್ತು. ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಗುಜರಾತಿನ ಕಚ್ಛ್ ಜಿಲ್ಲೆಯ ಭಚಾವು ತಾಲ್ಲೂಕಿನ ಚೋಬಾರಿ ಗ್ರಾಮದ ಬಳಿ ಭೂಮಿ ಕಂಪಿಸಿತು. ಕಂಪನದ ಪ್ರಮಾಣ 7.7 ಎಂದು ಅಮೆರಿಕದ ಭೂಗರ್ಭ ಸಮೀಕ್ಷಾ ಸಂಸ್ಥೆ ದಾಖಲಿಸಿದೆ. ಕೆಲವೇ ಕ್ಷಣಗಳಲ್ಲಿ ಭುಜ್, ಅಂಜಾರ್, ಭಚಾವು, ರಾಪರ್ ಪಟ್ಟಣಗಳು ಕಲ್ಲುಮಣ್ಣಿನ ರಾಶಿಗಳಾದವು. ಗುಜರಾತ್ ಸರ್ಕಾರದ ಲೆಕ್ಕದಂತೆ ಮಡಿದವರು 13,805. ಗಾಯಗೊಂಡವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಅಂಜಾರಿನ ಇಕ್ಕಟ್ಟಾದ ಬೀದಿಯೊಂದರಲ್ಲಿ ಮೆರವಣಿಗೆ ಹೊರಟಿದ್ದ ಶಾಲಾಮಕ್ಕಳ ಮೇಲೆ ಎರಡೂ ಬದಿಯ ಮನೆಗಳು ಕುಸಿದವು. 185 ಮಕ್ಕಳೂ 20 ಮಂದಿ ಶಿಕ್ಷಕರೂ ಅಲ್ಲಿಯೇ ಅಸುನೀಗಿದರು. ಗಾಯಾಳುಗಳಿಗೆ ಆಸರೆಯಾಗಬೇಕಿದ್ದ ಭುಜ್‌ನ ಜಿಲ್ಲಾ ಆಸ್ಪತ್ರೆಯೂ ನೆಲಕ್ಕೆ ಒರಗಿತ್ತು. ವೈದ್ಯರು ಬಯಲಿನಲ್ಲಿಯೇ ಚಿಕಿತ್ಸೆ ನೀಡಬೇಕಾಯಿತು.

ಇಂತಹ ಹೊತ್ತಿನಲ್ಲಿ "ಎಲ್ಲವೂ ಒಳ್ಳೆಯದಾಗುತ್ತದೆ" ಎಂದು ಯಾರಾದರೂ ಹೇಳಿದ್ದರೆ ಅದು ಕ್ರೂರವಾದ ಮಾತಾಗುತ್ತಿತ್ತು. ಮಗುವನ್ನು ಕಳೆದುಕೊಂಡ ತಾಯಿಗೆ ಮುಂದಿನ ತಿಂಗಳ ಸುಖವನ್ನು ತೋರಿಸಿ ಸಮಾಧಾನ ಹೇಳಲಾಗದು. ಹಾಗಾದರೆ ಭರವಸೆ ಎಲ್ಲಿಂದ ಬಂದಿತು? ಬಂಧುಗಳೇ, ಇಲ್ಲಿ ನಾವು ಗಮನಿಸಬೇಕಾದುದು ಇದೇ. ಕಚ್ಛ್‌ನ ಜನ ಮೊದಲು ಭರವಸೆ ತಂದುಕೊಂಡು ಅನಂತರ ಕೆಲಸಕ್ಕೆ ಇಳಿಯಲಿಲ್ಲ. ಮೊದಲು ಕೆಲಸಕ್ಕೆ ಕೈಹಚ್ಚಿದರು. ಭರವಸೆಯು ಆ ಕೈಗಳನ್ನು ಹಿಂಬಾಲಿಸಿ ಬಂದಿತು.

ಮನೆ ಕಟ್ಟಿದ ಬಗೆಯನ್ನೇ ನೋಡೋಣ. ಹೊರಗಿನವರು ಬಂದು ಸಾಲುಮನೆಗಳನ್ನು ಕಟ್ಟಿ ಕೀಲಿಕೈ ಒಪ್ಪಿಸುವ ಕ್ರಮ ಕೆಲವು ಕಡೆ ನಡೆದದ್ದು ನಿಜ. ಆದರೆ ಬಹುಪಾಲು ಕುಟುಂಬಗಳು ತಮ್ಮ ಮನೆಯನ್ನು ತಾವೇ ನಿಂತು ಕಟ್ಟಿಸಿಕೊಂಡವು. ಸರ್ಕಾರ ಕಂತುಗಳಲ್ಲಿ ಹಣ ನೀಡುತ್ತಿತ್ತು. ಕಟ್ಟಡವು ಭೂಕಂಪವನ್ನು ತಾಳುವ ರೀತಿಯಲ್ಲಿ ಏಳುತ್ತಿದೆ ಎಂದು ಎಂಜಿನಿಯರ್ ಪರಿಶೀಲಿಸಿದ ಮೇಲೆ ಮುಂದಿನ ಕಂತು ಬರುತ್ತಿತ್ತು. ತಳಪಾಯದ ಮಟ್ಟದಲ್ಲಿ, ಬಾಗಿಲು ಕಿಟಕಿಗಳ ಮೇಲೆ, ಛಾವಣಿಯ ಕೆಳಗೆ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿಯನ್ನು ಗೋಡೆಗಳ ಸುತ್ತ ಬಿಗಿಯುವ ಕ್ರಮವನ್ನು ಗೌಂಡಿಗಳಿಗೆ ಕಲಿಸಲಾಯಿತು. 1998ರ ಜೂನ್ ತಿಂಗಳ ಚಂಡಮಾರುತದ ನಂತರ ಒಗ್ಗೂಡಿದ್ದ ಕಚ್ಛ್ ನವನಿರ್ಮಾಣ ಅಭಿಯಾನವೆಂಬ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟವು ಹಳ್ಳಿಗಳ ನಡುವೆ 'ಸೇತು' ಕೇಂದ್ರಗಳನ್ನು ತೆರೆದು ಸರ್ಕಾರಕ್ಕೂ ಜನರಿಗೂ ನಡುವೆ ಸೇತುವೆಯಾಯಿತು. ಹಿಂದಿನ ಒಂದು ಸಂಕಟದಲ್ಲಿ ಬೆಸೆದುಕೊಂಡ ಕೈಗಳು ಇಂದಿನ ಸಂಕಟಕ್ಕೆ ಒದಗಿದವು.

ಇನ್ನೊಂದು ನಿದರ್ಶನ ನೇರವಾಗಿ ಕಾಯಕಕ್ಕೆ ಸಂಬಂಧಿಸಿದುದು. ಧಮಡ್ಕಾ ಎಂಬುದು ಅಜರಖ್ ಬಟ್ಟೆಯ ಊರು. ಕೆತ್ತಿದ ಮರದ ಅಚ್ಚುಗಳಿಂದ ನೀಲಿ, ಕೆಂಪು, ಕಪ್ಪು ಬಣ್ಣಗಳ ಚಿತ್ತಾರವನ್ನು ಮೂಡಿಸುವ ಖತ್ರಿ ಮನೆತನಗಳು ಅಲ್ಲಿ ತಲೆಮಾರುಗಳಿಂದ ನೆಲೆಸಿದ್ದವು. ಈ ಕಸುಬಿನಲ್ಲಿ ಬಟ್ಟೆಯನ್ನು ಮತ್ತೆ ಮತ್ತೆ ತೊಳೆಯಬೇಕು; ನೀರೇ ಅದರ ಜೀವಾಳ. ಭೂಕಂಪವು ಮನೆಗಳನ್ನು ಕೆಡವಿದ್ದು ಸಾಲದೆಂಬಂತೆ ನೀರಿನ ಗುಣವನ್ನೂ ಬದಲಿಸಿತು. ಕಬ್ಬಿಣದ ಅಂಶ ಹೆಚ್ಚಿದ ನೀರಿನಲ್ಲಿ ಬಣ್ಣಗಳು ಮೊದಲಿನಂತೆ ಏಳಲಿಲ್ಲ. ಕಸುಬು ಇಲ್ಲಿಗೆ ಮುಗಿಯಿತೆಂದು ಕೈಚೆಲ್ಲಲು ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಆದರೆ ಇಸ್ಮಾಯಿಲ್ ಮೊಹಮ್ಮದ್ ಖತ್ರಿ ಮೊದಲಾದವರು ಒಳ್ಳೆಯ ನೀರನ್ನು ಹುಡುಕುತ್ತ ಭುಜ್ ಸಮೀಪದಲ್ಲಿ ಹೊಸದೊಂದು ಊರನ್ನೇ ಕಟ್ಟಿದರು. ಅದಕ್ಕೆ ಯಾವ ವ್ಯಕ್ತಿಯ ಹೆಸರನ್ನೂ ಇಡಲಿಲ್ಲ. ತಮ್ಮ ಕಸುಬಿನ ಹೆಸರನ್ನೇ ಇಟ್ಟು 'ಅಜರಖ್‌ಪುರ' ಎಂದು ಕರೆದರು. ಕೆಲವು ಮನೆತನಗಳು ಧಮಡ್ಕಾದಲ್ಲಿಯೇ ಉಳಿದು ಕಸುಬನ್ನು ಮುಂದುವರಿಸಿದವು. ಹೋದವರೂ ಬಾಳಿದರು, ಉಳಿದವರೂ ಬಾಳಿದರು. 2024ರಲ್ಲಿ ಕಚ್ಛ್ ಅಜರಖ್‌ಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಭರವಸೆಗೆ ನೆನಪಿನ ನೆರವೂ ಬೇಕು. ನೆನಪಿಲ್ಲದ ಭರವಸೆ ಮರಳಿನ ಮೇಲಿನ ಮನೆಯಂತೆ. ಕಚ್ಛ್‌ಗೆ ಭೂಕಂಪ ಹೊಸದಾಗಿರಲಿಲ್ಲ. 1819ರ ಜೂನ್ 16ರಂದು ಸಂಭವಿಸಿದ ಭಾರಿ ಕಂಪನದಿಂದ ಅಲ್ಲಿನ ರಣಭೂಮಿಯಲ್ಲಿ ನೆಲವೇ ಉದ್ದಕ್ಕೂ ಮೇಲೆದ್ದು ದಿಬ್ಬವಾಯಿತು. ಜನ ಅದನ್ನು 'ಅಲ್ಲಾ ಬಂದ್', ಎಂದರೆ ದೇವರು ಕಟ್ಟಿದ ಒಡ್ಡು ಎಂದು ಕರೆದರು. ಬನ್ನಿ ಪ್ರದೇಶದ 'ಭೂಂಗಾ' ಎಂಬ ದುಂಡು ಮನೆಗಳು ಆ ಅನುಭವದಿಂದಲೇ ರೂಪುಗೊಂಡವೆಂದು ಅಲ್ಲಿನವರು ಹೇಳುತ್ತಾರೆ. ಮೂಲೆಗಳಿಲ್ಲದ ಗೋಡೆ, ಹಗುರವಾದ ಹುಲ್ಲಿನ ಛಾವಣಿ ಇವುಗಳ ಲಕ್ಷಣ. ಚೆನ್ನಾಗಿ ಕಟ್ಟಿದ್ದ ಭೂಂಗಾಗಳಲ್ಲಿ ಹೆಚ್ಚಿನವು 2001ರಲ್ಲಿಯೂ ನಿಂತವು. ಆದರೆ 1956ರ ಜುಲೈ 21ರಂದು ಅಂಜಾರಿನಲ್ಲಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಂಪನದ ಪಾಠವನ್ನು ಪಟ್ಟಣಗಳು ಮರೆತಿದ್ದವು. ಮರೆವಿಗೆ ತೆತ್ತ ಬೆಲೆ ಎಂತಹುದೆಂಬುದನ್ನು ಆ ಇಕ್ಕಟ್ಟಾದ ಬೀದಿಯೇ ಹೇಳುತ್ತದೆ.

ಈ ಬಾರಿ ನೆನಪನ್ನು ಕಟ್ಟಡಗಳಲ್ಲಿಯೂ ಕಾನೂನಿನಲ್ಲಿಯೂ ಉಳಿಸುವ ಪ್ರಯತ್ನ ನಡೆಯಿತು. ದುರಂತ ಸಂಭವಿಸಿ ಎರಡು ವಾರ ತುಂಬುವ ಮೊದಲೇ ಗುಜರಾತ್ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಸ್ಥಾಪನೆಯಾಯಿತು. 2003ರಲ್ಲಿ ಆ ರಾಜ್ಯವು ಇದಕ್ಕಾಗಿಯೇ ಕಾನೂನು ಮಾಡಿತು. 2004ರ ಸುನಾಮಿಯ ನಂತರ, 2005ರಲ್ಲಿ, ಇಡೀ ದೇಶಕ್ಕೆ ವಿಪತ್ತು ನಿರ್ವಹಣಾ ಕಾಯಿದೆ ಬಂದಿತು. ನಮ್ಮ ಕರ್ನಾಟಕದಲ್ಲಿ ನೆರೆ, ಬರಗಳ ಹೊತ್ತಿನಲ್ಲಿ ಹೊಣೆ ಹೊರುವ ರಾಜ್ಯ ಪ್ರಾಧಿಕಾರವೂ ಇದೇ ಕಾಯಿದೆಯ ಅಡಿಯಲ್ಲಿ ನಡೆಯುತ್ತಿದೆ. ಕುಸಿದಿದ್ದ ಭುಜ್ ಆಸ್ಪತ್ರೆಯ ಬದಲಿಗೆ, ಕಂಪನದ ಹೊಡೆತವನ್ನು ತಗ್ಗಿಸುವ ರಬ್ಬರು ಮತ್ತು ಸೀಸದ ದಿಂಬುಗಳ ಮೇಲೆ ನಿಂತ ಹೊಸ ಆಸ್ಪತ್ರೆ 2004ರ ಜನವರಿಯಲ್ಲಿ ಬಾಗಿಲು ತೆರೆಯಿತು. ಮೂರು ವರ್ಷಗಳ ಹಿಂದೆ ಎಲ್ಲವನ್ನೂ ಕಸಿದುಕೊಂಡ ಅದೇ ತಿಂಗಳು ಈಗ ಮರಳಿ ಒಂದನ್ನು ಕೊಟ್ಟಿತು.

ಇಷ್ಟರಿಂದ ಎಲ್ಲರ ಕಣ್ಣೀರೂ ಒರೆಸಲ್ಪಟ್ಟಿತೆಂದು ಹೇಳಿದರೆ ಅದು ಸತ್ಯಕ್ಕೆ ಅಪಚಾರ. ಭುಜ್ ಕೋಟೆಯೊಳಗಿನ ಊರನ್ನು ಹೊಸದಾಗಿ ಕಟ್ಟುವಾಗ, ಅಗಲವಾದ ರಸ್ತೆಗಳಿಗಾಗಿ ನಿವೇಶನದ ಮಾಲೀಕರು ಭೂಮಿಯ ಒಂದು ಪಾಲನ್ನು ಬಿಟ್ಟುಕೊಟ್ಟರು; ದೊಡ್ಡ ನಿವೇಶನದವರು ಹೆಚ್ಚು, ಚಿಕ್ಕ ನಿವೇಶನದವರು ಕಡಿಮೆ. ಇದು ಮೆಚ್ಚತಕ್ಕ ತ್ಯಾಗ. ಆದರೆ ಸ್ವಂತ ಭೂಮಿಯಿಲ್ಲದ ಬಾಡಿಗೆದಾರರಿಗೂ, ಕೈಯಲ್ಲಿ ಕಾಗದಪತ್ರಗಳಿಲ್ಲದ ಬಡವರಿಗೂ ನೆರವು ತಡವಾಗಿ, ಕೆಲವೊಮ್ಮೆ ಅರೆಬರೆಯಾಗಿ ತಲುಪಿತು. ಭರವಸೆಯು ಉಳ್ಳವರ ಅಂಗಳದಲ್ಲಿಯೇ ನಿಂತುಬಿಟ್ಟರೆ ಅದು ಪೂರ್ಣವಾಗುವುದಿಲ್ಲ. ನೆರೆಯವನ ಸೂರಿನ ಚಿಂತೆಯೂ ನಮ್ಮ ದಾಸೋಹದೊಳಗೆ ಸೇರಬೇಕು.

ಕಚ್ಛ್ ಜನರ ಒಂದು ಸಂಪ್ರದಾಯವನ್ನು ಇಲ್ಲಿ ನೆನೆಯಲೇಬೇಕು. ಅವರ ಹೊಸ ವರ್ಷ ಜನವರಿಯಲ್ಲಿಯೂ ಇಲ್ಲ, ನಮ್ಮಂತೆ ಚೈತ್ರದಲ್ಲಿಯೂ ಇಲ್ಲ. ಆಷಾಢ ಶುದ್ಧ ಬಿದಿಗೆಯಂದು, ಮಳೆಗಾಲದ ಹೊಸ್ತಿಲಲ್ಲಿ, ಅವರಿಗೆ ವರ್ಷ ಹುಟ್ಟುತ್ತದೆ. ಬರಡು ನೆಲದ ಜನರಿಗೆ ಮೋಡವೇ ಪಂಚಾಂಗ. 2001ರಲ್ಲಿ ನಮ್ಮ ಯುಗಾದಿ ಮಾರ್ಚ್ 26ರಂದು ಬಂದಿತು, ಭೂಕಂಪವಾಗಿ ಸರಿಯಾಗಿ ಎರಡು ತಿಂಗಳಿಗೆ. ಅವರ 'ಆಷಾಢಿ ಬೀಜ್' ಜೂನ್ 23ರಂದು ಬಂದಿತು. ಒಂದೇ ವರ್ಷದ ಒಡಲಲ್ಲಿ ಎಷ್ಟು ಹೊಸ ವರ್ಷಗಳು! ಒಂದು ಆರಂಭ ಕೆಟ್ಟಿತೆಂದು ಕಾಲವು ತನ್ನ ಎಲ್ಲ ಬಾಗಿಲುಗಳನ್ನೂ ಮುಚ್ಚುವುದಿಲ್ಲ. ಬೇವು ಬೆಲ್ಲವನ್ನು ಒಟ್ಟಿಗೆ ಸವಿಯುವ ನಮಗೆ ಇದು ತಿಳಿಯದ ಮಾತಲ್ಲ; ಕಹಿ ಮೊದಲು ನಾಲಗೆಗೆ ತಾಗಿದಾಗ ಮರೆತುಹೋಗುವ ಮಾತು ಮಾತ್ರ.

2022ರ ಆಗಸ್ಟ್ 28ರಂದು ಭುಜ್‌ನ ಭುಜಿಯೋ ಬೆಟ್ಟದ ಮೇಲೆ 'ಸ್ಮೃತಿವನ' ಉದ್ಘಾಟನೆಯಾಯಿತು. ಅಲ್ಲಿ ಮಳೆನೀರನ್ನು ಹಿಡಿದಿಡುವ ಸಣ್ಣ ಸಣ್ಣ ಜಲಾಶಯಗಳಿವೆ, ಅವುಗಳ ಬಳಿ ಮಡಿದವರ ಹೆಸರುಗಳನ್ನು ಬರೆದಿಡಲಾಗಿದೆ. ಹಾಗೆ ನಿಂತ ನೀರು ಬೆಟ್ಟದ ಗಿಡಮರಗಳನ್ನು ಪೊರೆಯುತ್ತದೆ. ಈ ವರ್ಷದ ಮೊದಲ ದಿನಗಳಲ್ಲಿಯೇ ನೊಂದ ಜೀವಗಳು ಇದನ್ನು ಓದುತ್ತಿದ್ದರೆ, ಇಡೀ ವರ್ಷದ ಭಾರವನ್ನು ಇಂದೇ ಹೊರಬೇಕಾಗಿಲ್ಲ ಎಂಬುದನ್ನು ತಿಳಿಯಲಿ. ಅಗಲಿದವರ ಹೆಸರನ್ನು ಮರೆಯದಿರೋಣ. ಇಂದಿನ ಮಟ್ಟಿಗೆ ಒಂದು ಕಲ್ಲನ್ನು ಸರಿಯಾಗಿ ಕೂರಿಸೋಣ. ಮಳೆ ತನ್ನ ಕಾಲಕ್ಕೆ ಬರುತ್ತದೆ. ಅದು ಬಂದಾಗ ನಿಲ್ಲಲು ಒಡ್ಡೊಂದು ಸಿದ್ಧವಾಗಿರಲಿ.