ಮಾಸ್ತಿಕಲ್ಲೂ ಕನ್ನಡಿಯ ಕ್ಯಾಮರವೂ

ಮಾಸ್ತಿ ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಶ್ರೀ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹೆಸರು. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಈ ಊರನ್ನು ಅವರು ತಮ್ಮ ಹೆಸರಿನ ಮುಂದಿಟ್ಟುಕೊಂಡು ನಾಡಿಗೆಲ್ಲ ಪರಿಚಯ ಮಾಡಿಕೊಟ್ಟರು. ೧೯೮೩ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂದಾಗ ಊರಿನ ಹೆಸರು ಭಾರತಕ್ಕೆಲ್ಲ ಕೇಳಿಸಿತು. ಆದರೆ ಆ ಶಬ್ದ ಅವರಿಗಿಂತ ಬಹಳ ಹಿಂದಿನದು. 'ಮಹಾಸತಿ' ಎಂಬುದು ಜನರ ಬಾಯಲ್ಲಿ ಸವೆದು 'ಮಾಸತಿ'ಯಾಗಿ, ಮತ್ತೂ ಸವೆದು 'ಮಾಸ್ತಿ'ಯಾಯಿತು. ಗಂಡನ ಚಿತೆಯನ್ನೇರಿದ ಹೆಣ್ಣಿನ ನೆನಪಿಗೆ ನೆಟ್ಟ ಕಲ್ಲೇ ಮಾಸ್ತಿಕಲ್ಲು. ಕಂಬದಿಂದ ಹೊರಟ ಒಂದು ತೋಳು, ಮೊಳಕೈಯಲ್ಲಿ ಮಡಿದು ಮೇಲಕ್ಕೆತ್ತಿದ ಅಂಗೈ, ಮಣಿಕಟ್ಟಿನಲ್ಲಿ ಬಳೆ, ಮೇಲುಗಡೆ ಸೂರ್ಯಚಂದ್ರರು. ಇದು ಅದರ ಸಾಮಾನ್ಯ ಲಕ್ಷಣ. ಆ ಪದ್ಧತಿಯನ್ನು ಇಂದು ಯಾರೂ ಹೊಗಳಬೇಕಾಗಿಲ್ಲ. ಆದರೆ ಬೇರೆ ಯಾವ ದಾಖಲೆಯಲ್ಲಿಯೂ ಸಿಕ್ಕದ ಒಬ್ಬ ಹೆಣ್ಣುಮಗಳ ಗುರುತು ಅಲ್ಲಿದೆ. ಅದನ್ನು ಅಳಿಸಿಹೋಗಲು ಬಿಡುವುದು ಅವಳಿಗೆ ಎರಡನೆಯ ಸಲ ಮಾಡುವ ಅನ್ಯಾಯ.

ಕನ್ನಡ ಪಾಠ ಹೇಳುವವನಿಗೆ ಕ್ಯಾಮರದ ಗೊಡವೆ ಏಕೆ ಎಂದು ತಾವು ಕೇಳಬಹುದು. ಬಿಡುವಿನ ಹವ್ಯಾಸವೆಂದು ಡಿಜಿಟಲ್ ಎಸ್.ಎಲ್.ಆರ್. ಕ್ಯಾಮರವನ್ನು ಕೊಂಡವರು ಈಗ ನಮ್ಮ ಪಟ್ಟಣಗಳಲ್ಲಿ ಹಲವರಿದ್ದಾರೆ. ಮೊದಲ ತಿಂಗಳು ಮನೆಯ ಮಕ್ಕಳನ್ನೂ ಅಂಗಳದ ದಾಸವಾಳವನ್ನೂ ನೂರಾರು ಸಲ ತೆಗೆದು, ಮುಂದೇನೆಂದು ತೋಚದೆ ಅದನ್ನು ಬೀರುವಿನೊಳಗೆ ಇಡುತ್ತಾರೆ. ಅಂಥವರಿಗೆ ಈ ವಿದ್ಯೆಯ ಚರಿತ್ರೆಯನ್ನು ಒಂದಿಷ್ಟು ಹೇಳಿದರೆ ಕ್ಯಾಮರ ಬೀರುವಿನಿಂದ ಹೊರಗೆ ಬಂದೀತೆಂಬುದು ನನ್ನ ನಂಬಿಕೆ. ಹವ್ಯಾಸವೆಂದು ತೊಡಗಿದ್ದು ಎಲ್ಲಿಗೆ ಮುಟ್ಟುತ್ತದೆಂಬುದನ್ನು ರೇಡಿಯೋ ಕೇಳುವ ಮನೆಗಳಿಗೆ ನಾನು ವಿವರಿಸಬೇಕಾಗಿಲ್ಲ. ೧೯೩೫ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಒಂದು ಸಣ್ಣ ಪ್ರಸಾರ ಯಂತ್ರವನ್ನಿಟ್ಟು ಆರಂಭಿಸಿದ್ದೇ 'ಆಕಾಶವಾಣಿ'. ಆ ಹೆಸರು ಆಮೇಲೆ ದೇಶದ ರೇಡಿಯೋವಿಗೆಲ್ಲ ಸಂದಿತು.

ಮೊದಲು ಶಬ್ದವನ್ನು ನೋಡೋಣ. ಪಂಡಿತರ ಚಾಳಿ, ಬಿಡುವಂಥದಲ್ಲ. ಇಂಗ್ಲಿಷಿನ 'ಫೋಟೋಗ್ರಾಫ್' ಎಂದರೆ ಬೆಳಕಿನ ಬರಹ. ನಾವು ಅದನ್ನು 'ಛಾಯಾಚಿತ್ರ' ಎಂದೆವು. ಬೆಳಕನ್ನು ನೆರಳಾಗಿಸಿದಿರಲ್ಲ ಎಂದು ಕೆಲವರು ಆಕ್ಷೇಪಿಸುವುದುಂಟು. ಆದರೆ ಸಂಸ್ಕೃತದಲ್ಲಿ 'ಛಾಯೆ' ಎಂಬುದಕ್ಕೆ ನೆರಳು ಎಂಬ ಅರ್ಥವೂ ಇದೆ, ಕಾಂತಿ ಎಂಬ ಅರ್ಥವೂ ಇದೆ. ಎರಡೂ ಕೂಡಿದಲ್ಲದೆ ಚಿತ್ರವಿಲ್ಲವಾದ್ದರಿಂದ ನಮ್ಮ ಮಾತೇ ಹೆಚ್ಚು ಒಪ್ಪವೆಂದು ನಾನು ತಿಳಿದಿದ್ದೇನೆ. ಮಾಸ್ತಿಕಲ್ಲಿನ ಮುಂದೆ ನಿಂತಾಗ ಈ ಮಾತಿನ ಬೆಲೆ ಗೊತ್ತಾಗುತ್ತದೆ.

ಫ್ರಾನ್ಸಿನಲ್ಲಿ ಡಾಗೇರನ ವಿಧಾನ ಲೋಕಕ್ಕೆ ಪ್ರಕಟವಾದುದು ೧೮೩೯ರಲ್ಲಿ. ಹದಿನಾರು ವರ್ಷ ಕಳೆಯುವುದರೊಳಗೆ ಕ್ಯಾಮರ ಕನ್ನಡನಾಡಿನ ಗುಡಿಗಳ ಮುಂದೆ ನಿಂತಿತ್ತು. ಮದರಾಸು ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ ೧೮೫೪ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳಲ್ಲಿ ಚಿತ್ರ ತೆಗೆದನು. ಅನಂತರ ಅವನು ಮದರಾಸು ಸರ್ಕಾರದ ಛಾಯಾಗ್ರಾಹಕನಾದನು; ಆದರೆ ಆಗ ಅದು ಅವನ ಹವ್ಯಾಸ ಮಾತ್ರ. ಮುಂಬಯಿ ಸರ್ಕಾರದ ಕಡೆಯಿಂದ ಕ್ಯಾಪ್ಟನ್ ಬಿಗ್ಸ್ ಎಂಬವನೂ, ಅವನ ತರುವಾಯ ಡಾಕ್ಟರ್ ಪಿಗೂ ಎಂಬ ವೈದ್ಯನೂ ವಿಜಾಪುರ, ಧಾರವಾಡ, ಮೈಸೂರು ಸೀಮೆಗಳಲ್ಲಿ ಸಂಚರಿಸಿದರು. ಅವರ ಚಿತ್ರಗಳುಳ್ಳ ಗ್ರಂಥ ೧೮೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ಇವರೆಲ್ಲರಿಗಿಂತ ನಮ್ಮ ಮಾತಿಗೆ ಹೆಚ್ಚು ಬೇಕಾದವನು ಅಲೆಕ್ಸಾಂಡರ್ ಗ್ರೀನ್‌ಲಾ. ಅವನೂ ಮದರಾಸು ಸೈನ್ಯದವನೇ. ೧೮೫೫-೫೬ರಲ್ಲಿ ಹಂಪೆಯ ಹಾಳಿನಲ್ಲಿ ಅಲೆದು, ಸುಮಾರು ೧೬ ಅಂಗುಲ ಅಗಲ ೧೮ ಅಂಗುಲ ಉದ್ದದ ಕಾಗದದ ನೆಗೆಟಿವುಗಳ ಮೇಲೆ ಅರವತ್ತಕ್ಕೂ ಮಿಕ್ಕಿ ಚಿತ್ರಗಳನ್ನು ತೆಗೆದನು. ಆಗ ಚಿತ್ರವನ್ನು ಹಿಗ್ಗಿಸುವ ಅನುಕೂಲವಿರಲಿಲ್ಲ. ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟು ದೊಡ್ಡ ನೆಗೆಟಿವು, ಅದಕ್ಕೆ ತಕ್ಕ ದೊಡ್ಡ ಪೆಟ್ಟಿಗೆ. ಕಾಗದಕ್ಕೆ ಬೆಳ್ಳಿಯ ಲವಣವನ್ನು ತಾನೇ ಸವರಿ ಸಿದ್ಧಪಡಿಸಬೇಕು. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಅದು ಕೆಡದಂತೆ ಕಾಯಬೇಕು. ಅವನು ವಿಠಲ ದೇವಾಲಯದ ಕಲ್ಲಿನ ರಥವನ್ನು ತೆಗೆದ ಚಿತ್ರವೊಂದಿದೆ. ಅದರಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವಿದೆ! ೨೦೧೭ರಲ್ಲಿ ಬಂದ ೫೦ ರೂಪಾಯಿಯ ನೋಟನ್ನು ತಿರುಗಿಸಿ ನೋಡಿ. ಅದೇ ರಥ, ಆದರೆ ತಲೆಯ ಮೇಲೆ ಶಿಖರವಿಲ್ಲ. ನಡುವೆ ಅದನ್ನು ಇಳಿಸಿಬಿಟ್ಟಿದ್ದಾರೆ. ೧೯೮೦ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬವರು ಗ್ರೀನ್‌ಲಾ ನಿಂತ ಎಡೆಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಏನು ಉಳಿಯಿತು, ಏನು ಹೋಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಹವ್ಯಾಸಿಯೊಬ್ಬನು ಬಿಡುವಿನಲ್ಲಿ ಮಾಡಿದ ಕೆಲಸ ಇಂದು ವಿದ್ವಾಂಸರ ಆಧಾರವಾಗಿದೆ.

೧೮೮೮ರಲ್ಲಿ ಅಮೆರಿಕದ ಈಸ್ಟ್‌ಮನ್ ಸುರುಳಿ ಫಿಲ್ಮಿನ ಕೊಡಕ್ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದ ಮೇಲೆ ಈ ವಿದ್ಯೆ ಮನೆಮನೆಗೂ ಇಳಿಯಿತು. ನಮ್ಮಲ್ಲಿ ಇಳಿದುದು ಮೆಲ್ಲಗೆ. ಬೆಂಗಳೂರಿನ ಡಾ. ಜಿ. ಥಾಮಸ್ ಅವರಂಥ ಉತ್ಸಾಹಿಗಳು ಹವ್ಯಾಸಿಗಳನ್ನು ಒಟ್ಟುಗೂಡಿಸಿದರು. ೧೯೫೩ರಲ್ಲಿ ಹುಟ್ಟಿದ ಭಾರತೀಯ ಛಾಯಾಗ್ರಹಣ ಒಕ್ಕೂಟದ ಹಿಂದೆ ಅವರ ದುಡಿಮೆಯಿತ್ತು. ಓ. ಸಿ. ಎಡ್ವರ್ಡ್ಸ್ ಎಂಬ ಹಿರಿಯರ ಮಾರ್ಗದರ್ಶನದಲ್ಲಿ ಬೆಳೆದ ಟಿ. ಎನ್. ಎ. ಪೆರುಮಾಳ್, ಅವರ ಸಮಕಾಲೀನರಾದ ಇ. ಹನುಮಂತರಾವ್, ರಾಜ್ಯದ ಹಣಕಾಸಿನ ಮಂತ್ರಿಗಳಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆ ಇವರು ಕಾಡಿನ ಪ್ರಾಣಿಪಕ್ಷಿಗಳ ಚಿತ್ರಗಳಿಂದ ಹೊರದೇಶಗಳಲ್ಲಿಯೂ ಹೆಸರಾದರು. ಮೈಸೂರಿನ ಟಿ. ಎಸ್. ಸತ್ಯನ್ ಇದನ್ನೇ ಜೀವನೋಪಾಯ ಮಾಡಿಕೊಂಡು ಸಾಮಾನ್ಯ ಜನರ ಮುಖಗಳನ್ನು ಹಿಡಿದರು. ನಮ್ಮ ಸಾಹಿತಿಗಳಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳಿಗಾಗಿ ಕಾದು ಕುಳಿತದ್ದನ್ನು ಓದದವರಾರು? ಇವರೆಲ್ಲ ಕಲಿತದ್ದು ಫಿಲ್ಮಿನ ಕಾಲದಲ್ಲಿ. ಒಂದು ಸುರುಳಿಗೆ ೩೬ ಚಿತ್ರ. ತೊಳೆಸಿದಲ್ಲದೆ ಫಲ ತಿಳಿಯದು. ಆದುದರಿಂದ ಗುಂಡಿಯೊತ್ತುವ ಮುನ್ನ ಯೋಚಿಸುವುದು ಅವರಿಗೆ ಅಭ್ಯಾಸವಾಗಿತ್ತು.

ಇನ್ನು ಎಸ್.ಎಲ್.ಆರ್. ಎಂದರೇನು? ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತೇವೆ. ಈ ಯಂತ್ರದಲ್ಲಿ ಕನ್ನಡಿಯೇ ಮುಖ್ಯ. ಹಳೆಯ ಪೆಟ್ಟಿಗೆ ಕ್ಯಾಮರಗಳಲ್ಲಿ ನೋಡುವ ಕಿಂಡಿ ಬೇರೆ, ಚಿತ್ರ ಬೀಳುವ ಮಸೂರ ಬೇರೆ. ಹತ್ತಿರದ ವಸ್ತುವನ್ನು ತೆಗೆಯುವಾಗ ನಾವು ನೋಡಿದ್ದೇ ಒಂದು, ಬಿದ್ದದ್ದೇ ಇನ್ನೊಂದು. ಎಸ್.ಎಲ್.ಆರ್.ನಲ್ಲಿ ಮಸೂರದ ಹಿಂದೆ ೪೫ ಅಂಶದ ಓರೆಯಲ್ಲಿ ಒಂದು ಕನ್ನಡಿ. ಅದು ಬೆಳಕನ್ನು ಮೇಲಕ್ಕೆ ಕಳಿಸುತ್ತದೆ. ಅಲ್ಲಿನ ಐದುಮೂಲೆಯ ಗಾಜು ಅದನ್ನು ನಮ್ಮ ಕಣ್ಣಿಗೆ ತಿರುಗಿಸುತ್ತದೆ. ಗುಂಡಿಯೊತ್ತಿದಾಗ ಕನ್ನಡಿ ಮೇಲೆದ್ದು ಬೆಳಕಿಗೆ ದಾರಿ ಬಿಡುತ್ತದೆ. 'ಟಕ್' ಎಂಬ ಶಬ್ದದಲ್ಲಿ ಅದರ ಪಾಲೂ ಇದೆ. ೩೫ ಮಿಲಿಮೀಟರ್ ಫಿಲ್ಮಿಗೆ ಇಂಥದು ಜರ್ಮನಿಯಲ್ಲಿ ೧೯೩೬ರ ಹೊತ್ತಿಗೆ ಬಂದಿತ್ತು. ಐದುಮೂಲೆಯ ಗಾಜು ಸೇರಿದ್ದು ೧೯೪೯ರಲ್ಲಿ. ಜಪಾನಿನ ನಿಕಾನ್ ಎಫ್ ೧೯೫೯ರಲ್ಲಿ ಬಂದು ಪತ್ರಿಕೆಗಳವರ ಮೆಚ್ಚಿನ ಕ್ಯಾಮರವಾಯಿತು.

ಫಿಲ್ಮಿನ ಜಾಗದಲ್ಲಿ ವಿದ್ಯುತ್ತಿನ ಕಣ್ಣು ಕುಳಿತ ಕತೆ ಸ್ವಾರಸ್ಯವಾದುದು. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬಿಬ್ಬರು ಸಿ.ಸಿ.ಡಿ. ಎಂಬ ಸಾಧನವನ್ನು ಕಲ್ಪಿಸಿದರು. ೪೦ ವರ್ಷ ಕಳೆದು ೨೦೦೯ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ೧೯೭೫ರಲ್ಲಿ ಕೊಡಕ್ ಸಂಸ್ಥೆಯ ತರುಣ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮರವನ್ನು ಕಟ್ಟಿದರು. ಅಡ್ಡ ನೂರು, ಉದ್ದ ನೂರು, ಒಟ್ಟು ೧೦,೦೦೦ ಚುಕ್ಕಿಗಳ ಚಿತ್ರ. ಅದನ್ನು ಕ್ಯಾಸೆಟ್ಟಿನ ಟೇಪಿಗೆ ಇಳಿಸಲು ೨೩ ಸೆಕೆಂಡು! ೧೯೯೧ರಲ್ಲಿ ಅದೇ ಸಂಸ್ಥೆ ನಿಕಾನ್ ಕ್ಯಾಮರದೊಳಗೆ ಇಂಥ ಕಣ್ಣನ್ನಿಟ್ಟು ಮಾರಿತು. ಚಿತ್ರಗಳನ್ನು ಕೂಡಿಡುವ ಪೆಟ್ಟಿಗೆಯನ್ನು ಹೆಗಲಿಗೆ ತೂಗುಹಾಕಿಕೊಳ್ಳಬೇಕಾಗಿತ್ತು. ೧೯೯೯ರಲ್ಲಿ ನಿಕಾನ್ ಡಿ ೧ ಬಂತು. ೨೦೦೩ರಲ್ಲಿ ಕ್ಯಾನನ್ ೩೦೦ ಡಿ ೧,೦೦೦ ಡಾಲರಿಗಿಂತ ಕಡಿಮೆಗೆ ಬಂದು, ಮಧ್ಯಮ ವರ್ಗದ ಹವ್ಯಾಸಿಗೆ ಬಾಗಿಲು ತೆರೆಯಿತು. ಫಿಲ್ಮಿಗೆ ಹೆಸರಾದ ಕೊಡಕ್ ಸಂಸ್ಥೆಯೇ ೨೦೧೨ರಲ್ಲಿ ದಿವಾಳಿಯ ಅರ್ಜಿ ಹಾಕಬೇಕಾಯಿತು.

ಕನ್ನಡಿಗೂ ಈಗ ಮುಪ್ಪು ಬಂದಿದೆ. ೨೦೦೮ರಿಂದ ಕನ್ನಡಿಯಿಲ್ಲದ ಕ್ಯಾಮರಗಳು ಬಂದು, ದೊಡ್ಡ ಸಂಸ್ಥೆಗಳು ಹೊಸ ಎಸ್.ಎಲ್.ಆರ್.ಗಳನ್ನು ರೂಪಿಸುವುದನ್ನು ಬಹುಮಟ್ಟಿಗೆ ಬಿಟ್ಟಿವೆ. ಇದರಿಂದ ಕಲಿಯುವವನಿಗೆ ನಷ್ಟವಿಲ್ಲ, ಲಾಭವೇ. ಕೈಬದಲಾದ ಒಳ್ಳೆಯ ಕ್ಯಾಮರಗಳು ಅಗ್ಗವಾಗಿ ಸಿಕ್ಕುತ್ತವೆ. ೧೮ರಿಂದ ೫೫ ಮಿಲಿಮೀಟರ್‌ವರೆಗಿನ ಸಾಧಾರಣ ಮಸೂರವೊಂದಿದ್ದರೆ ಸಾಕು. ಉಳಿದ ಹಣದಲ್ಲಿ ಒಂದು ಗಟ್ಟಿಯಾದ ಮೂರುಕಾಲಿನ ಸ್ಟ್ಯಾಂಡನ್ನು ಕೊಳ್ಳಿ. ಮಸೂರಗಳ ಮೇಲಿನ ಮೋಹ ಒಡವೆಗಳ ಮೇಲಿನ ಮೋಹಕ್ಕಿಂತ ಕೆಟ್ಟದ್ದು.

ಈಗ ಮಾಸ್ತಿಕಲ್ಲಿನ ಬಳಿಗೆ ಬನ್ನಿ. ಕೋಲಾರ ಸೀಮೆಯಲ್ಲಿ ಮಾಸ್ತಿಕಲ್ಲಿಗೂ ವೀರಗಲ್ಲಿಗೂ ಬರವಿಲ್ಲ. ಗಂಗರ, ಬಾಣರ, ನೊಳಂಬರ ಕಾಲದ ಕಾಳಗಗಳಲ್ಲಿ ಮಡಿದವರ ಕಲ್ಲುಗಳು ಕೆರೆಯ ಏರಿಯಲ್ಲಿ, ಹೊಲದ ಬದುವಿನಲ್ಲಿ ನಿಂತಿವೆ. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ತೆಗೆದರೆ ಬೋಳು ಬಂಡೆಯ ಚಿತ್ರ ಬರುತ್ತದೆ, ಅಷ್ಟೆ. ಏಕೆಂದರೆ ಕೆತ್ತನೆಯ ಆಳ ಕೆಲವೊಮ್ಮೆ ಅರ್ಧ ಅಂಗುಲವೂ ಇಲ್ಲ. ಬೆಳಿಗ್ಗೆ ಇಲ್ಲವೆ ಸಂಜೆ, ಬಿಸಿಲು ಪಕ್ಕದಿಂದ ಕಲ್ಲನ್ನು ಸವರಿಕೊಂಡು ಹೋಗುವಾಗ ಪ್ರತಿ ಗೆರೆಗೂ ಒಂದು ನೆರಳು ಹುಟ್ಟುತ್ತದೆ. ಆಗ ಬಳೆ ಕಾಣುತ್ತದೆ, ಬೆರಳು ಕಾಣುತ್ತದೆ, ಸವೆದ ಅಕ್ಷರವೂ ಎದ್ದು ನಿಲ್ಲುತ್ತದೆ. ಬಿಸಿಲು ತಾಗದ ಮೂಲೆಯಾದರೆ ಕತ್ತಲಾದ ಮೇಲೆ ಹೋಗಿ, ಬ್ಯಾಟರಿ ದೀಪವನ್ನು ಪಕ್ಕದಿಂದ ಹಿಡಿಸಿ ತೆಗೆಯಿರಿ.

ಕಲಿಯಬೇಕಾದ ಹಿಡಿತಗಳು ಮೂರು. ಮಸೂರದ ರಂಧ್ರವನ್ನು ಸೂಚಿಸುವುದು ಎಫ್ ಸಂಖ್ಯೆ. ಸಂಖ್ಯೆ ಹಿರಿದಾದಷ್ಟೂ ರಂಧ್ರ ಕಿರಿದು ಎಂಬ ತಲೆಕೆಳಗಿನ ಲೆಕ್ಕಕ್ಕೆ ಮೊದಲು ಒಗ್ಗಿಕೊಳ್ಳಬೇಕು. ಎಫ್ ೮ ಇಟ್ಟರೆ ಕಲ್ಲಿನ ಮೇಲಿಂದ ಕೆಳಗಿನವರೆಗೆ ಸ್ಫುಟವಾಗಿ ಬರುತ್ತದೆ. ಷಟರ್ ಎಂದರೆ ಬೆಳಕನ್ನು ಒಳಗೆ ಬಿಡುವ ಕಾಲ. ಕಲ್ಲು ಓಡಿಹೋಗುವುದಿಲ್ಲ, ಸ್ಟ್ಯಾಂಡಿನ ಮೇಲಿಟ್ಟರೆ ಒಂದು ಸೆಕೆಂಡೂ ಆದೀತು. ಐ.ಎಸ್.ಓ. ಎಂಬ ಸಂವೇದನೆಯನ್ನು ೧೦೦ರಲ್ಲಿ ಇಟ್ಟರೆ ಚಿತ್ರ ನಯವಾಗಿರುತ್ತದೆ. ಫಿಲ್ಮಿನ ಕಾಲದವರು ಪ್ರಖರವಾದ ಬಿಸಿಲಿಗೆ ಒಂದು ಸೂತ್ರ ಹೇಳುತ್ತಿದ್ದರು: ಎಫ್ ೧೬, ಐ.ಎಸ್.ಓ. ೧೦೦, ಷಟರ್ ಸೆಕೆಂಡಿನ ೧೦೦ರಲ್ಲೊಂದು ಭಾಗ. ಅದನ್ನು ಬಾಯಿಪಾಠ ಮಾಡಿ, ಬೆಳಕು ಇಳಿದಂತೆ ಒಂದೊಂದಾಗಿ ಬದಲಿಸಿ ನೋಡಿರಿ. ಕ್ಯಾಮರದ ಬೆನ್ನಿನ ಮೇಲೆ ಫಲ ಕೂಡಲೆ ಕಾಣುತ್ತದೆ. ಗ್ರೀನ್‌ಲಾನಿಗೆ ಈ ಭಾಗ್ಯವಿರಲಿಲ್ಲ.

ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ಹತ್ತನೆಯ ಸಂಪುಟ, ಕೋಲಾರ ಜಿಲ್ಲೆಯದು, ೧೯೦೫ರಲ್ಲಿ ಅಚ್ಚಾಯಿತು. ಒದ್ದೆ ಕಾಗದವನ್ನು ಕಲ್ಲಿಗೆ ತಟ್ಟಿ ಮಸಿ ಒತ್ತಿ ತೆಗೆದ ಪಡಿಯಚ್ಚುಗಳಿಂದ ಪಾಠವನ್ನು ಓದಿ ಮುದ್ರಿಸಿದರು. ಅದರ ಉಪಕಾರ ದೊಡ್ಡದು. ಆದರೆ ಅಲ್ಲಿ ಬಹುಮಟ್ಟಿಗೆ ಇರುವುದು ಅಕ್ಷರ, ಕಲ್ಲಿನ ಮುಖವಲ್ಲ. ಅಕ್ಷರವಿಲ್ಲದ ಮಾಸ್ತಿಕಲ್ಲಿಗೆ ಅಂಥ ಶಾಸನ ಸಂಪುಟದಲ್ಲಿ ಸ್ಥಳವೂ ಇಲ್ಲ. ರಸ್ತೆ ಅಗಲವಾದಾಗ, ಮನೆಗೆ ಪಾಯ ತೋಡಿದಾಗ, ಕೆರೆಯ ತೂಬು ಕಟ್ಟಿದಾಗ ಮೊದಲು ಕಾಣೆಯಾಗುವುದು ಇಂಥವೇ. ಎಣ್ಣೆಯೆರೆದು ಬಣ್ಣ ಬಳಿದು ಪೂಜೆಗಿಟ್ಟವು ಕೆಲವು. ಕಲ್ಲು ಉಳಿಯಿತು, ಕೆತ್ತನೆ ಮುಚ್ಚಿತು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ೨೦೨೧ರಿಂದ ಬೆಂಗಳೂರು ಸುತ್ತಣ ಶಾಸನಗಳನ್ನು ಮೂರು ಆಯಾಮದ ಯಂತ್ರದಿಂದ ದಾಖಲಿಸುತ್ತಿದ್ದಾರೆ. ಆದರೆ ಸಂಸ್ಥೆಗಳು ಎಲ್ಲ ಹೊಲದ ಬದುವಿಗೂ ಬರಲಾರವು. ಬೀರುವಿನಲ್ಲಿರುವ ಕ್ಯಾಮರ ಬರಬಹುದು.

ಹೋಗುವಾಗ ಹೊಲದವರ ಅಪ್ಪಣೆ ಕೇಳಿ. "ಏನಣ್ಣ, ಈ ಕಲ್ಲಿನ ಸಂಗತಿ ಏನು?" ಎಂದು ವಿಚಾರಿಸಿದರೆ ಪುಸ್ತಕದಲ್ಲಿಲ್ಲದ ನಾಲ್ಕು ಮಾತು ಸಿಕ್ಕುತ್ತವೆ, ಅವನ್ನೂ ಬರೆದುಕೊಳ್ಳಿ. ಕೆತ್ತನೆ ಎದ್ದು ಕಾಣಲೆಂದು ಸೀಮೆಸುಣ್ಣದಲ್ಲಿ ಗೀಚುವುದು, ಇದ್ದಲು ತಿಕ್ಕುವುದು ಬೇಡ. ಕಲ್ಲಿನ ಪಕ್ಕ ಒಂದು ಅಡಿಕೋಲು ನಿಲ್ಲಿಸಿ ಮುಂದಿನಿಂದ ಒಂದು ಚಿತ್ರ, ಎರಡೂ ಪಕ್ಕಗಳಿಂದ ಒಂದೊಂದು, ಸ್ವಲ್ಪ ದೂರ ನಿಂತು ಕಲ್ಲೂ ಅದರ ಸುತ್ತಲಿನ ಮರ, ಗುಡಿ, ದಾರಿಯೂ ಕಾಣುವಂತೆ ಇನ್ನೊಂದು ತೆಗೆಯಿರಿ. ಕ್ಯಾಮರದ ಗಡಿಯಾರ ಸರಿಯಾಗಿದೆಯೇ ಎಂದು ಹೊರಡುವ ಮೊದಲೇ ನೋಡಿ. ತಾರೀಖು ತಪ್ಪಿದ ಚಿತ್ರ ಮುಂದೆ ಜಗಳಕ್ಕೆ ಕಾರಣವಾಗುತ್ತದೆ. ಮನೆಗೆ ಬಂದ ದಿನವೇ ಊರು, ಕಲ್ಲಿರುವ ಸ್ಥಳ, ದಿನ ಇವುಗಳನ್ನು ಚಿತ್ರದ ಹೆಸರಿನಲ್ಲಿ ಸೇರಿಸಿ, ಎರಡು ಬೇರೆ ಬೇರೆ ಕಡೆ ಪ್ರತಿ ಇಡಿ. ಒಂದು ಪ್ರತಿಯನ್ನು ಆ ಊರಿನ ಶಾಲೆಗೆ ಕೊಡಿ.