ಆರು ತಿಂಗಳ ಗಡುವು

ಸರ್ವಧರ್ಮ ಸಂವಾದವೆಂದರೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರವೊಂದಿದೆ: ವೇದಿಕೆಯ ಮೇಲೆ ಒಬ್ಬ ಮೌಲಾನಾ, ಪಕ್ಕದಲ್ಲಿ ಒಬ್ಬ ಪಾದ್ರಿ, ಮುಂದೆ ಮೈಕು. ಹೆಂಗಸರು ಇದ್ದರೆ ಸಭಿಕರ ಸಾಲಿನಲ್ಲಿ. ಆದರೆ ಕೆಂಗೇರಿ ಉಪನಗರದ ಬೆಳಗಿನ ಬಸ್ಸಿನಲ್ಲಿ ಬುರ್ಖಾ ತೊಟ್ಟ ಹುಡುಗಿ, ಶಿಲುಬೆ ಸರದ ಹುಡುಗಿ ಒಂದೇ ಸೀಟಿನಲ್ಲಿ ಕುಳಿತು ಪರೀಕ್ಷೆಗೆ ಓದುವುದನ್ನು ಕಂಡರೆ, ಈ ಎರಡು ಧರ್ಮಗಳ ಮಾತುಕತೆಯ ಚರಿತ್ರೆಯನ್ನು ಬೇರೆಡೆ ಹುಡುಕಬೇಕೆನಿಸುತ್ತದೆ. ಅದು ಸಿಗುವುದು ಶಾಲೆಯಲ್ಲಿ ಮತ್ತು ಕೋರ್ಟಿನಲ್ಲಿ.

2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಹಾಸನದಲ್ಲಿ ಹುಟ್ಟಿದ್ದು 1948ರಲ್ಲಿ. ಆ ಕಾಲದ ಮುಸ್ಲಿಂ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಓದಿಸಿದರೂ ಉರ್ದು ಶಾಲೆಗೆ ಕಳಿಸುವುದು ವಾಡಿಕೆ. ಅವರ ತಂದೆ ಹಾಗೆ ಮಾಡಲಿಲ್ಲ. ಎಂಟು ವರ್ಷದ ಮಗಳನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಕ್ರೈಸ್ತ ಮಿಷನರಿ ಶಾಲೆಗೆ ಸೇರಿಸಿದರು. ಶಾಲೆಯವರದು ಒಂದೇ ಷರತ್ತು: ಆರು ತಿಂಗಳೊಳಗೆ ಕನ್ನಡ ಓದಲು, ಬರೆಯಲು ಬರಬೇಕು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ತಂದೆಗೂ ಶಾಲೆಗೂ ನಡುವೆ ಇದ್ದ ತಕರಾರು ದೇವರದ್ದಲ್ಲ, ಕಾಗುಣಿತದ್ದು!

ಮಿಷನರಿಗಳು ಅಕ್ಷರ ಹಂಚಲೆಂದೇ ಬಂದವರಲ್ಲ ಎಂಬುದನ್ನು ಮರೆಯುವಂತಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಉದ್ದೇಶ ಧರ್ಮಪ್ರಸಾರವೇ ಆಗಿತ್ತು. ಮೈಸೂರು ಸೀಮೆಯ ವೆಸ್ಲಿಯನ್ನರದ್ದೂ ಅದೇ. ಆದರೆ ಪರದೆಯ ಹೆಂಗಸರು ಗಂಡು ವೈದ್ಯರ ಬಳಿ ಹೋಗಲು ಹಿಂಜರಿಯುತ್ತಿದ್ದ ಕಾಲದಲ್ಲಿ, ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ‘ಮಿಷನ್ ಆಸ್ಪತ್ರೆ’, ಹೆರಿಗೆಗೆ ಬರುವವರ ಮತ ನೋಡುತ್ತ ಕೂರುವಂತಿರಲಿಲ್ಲ.

ಹಾಗೆಂದು ಕ್ರೈಸ್ತ ಮಹಿಳೆಯರ ಪಾಡು ಮೇಲಾಗಿತ್ತೆಂದು ತಿಳಿಯಬೇಕಿಲ್ಲ. ಕಾನೂನಿನ ಪುಸ್ತಕ ತೆರೆದರೆ ಬೇರೆಯೇ ಸಂಗತಿ ಕಾಣುತ್ತದೆ. 1869ರ ವಿಚ್ಛೇದನ ಕಾಯ್ದೆಯಂತೆ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ಸಾಬೀತುಪಡಿಸಿದರೆ ಸಾಕಿತ್ತು. ಹೆಂಡತಿಯಾದರೋ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ತೋರಿಸಬೇಕಿತ್ತು. ಈ ತಾರತಮ್ಯ ಹೋದದ್ದು 2001ರಲ್ಲಿ, ಅಂದರೆ 132 ವರ್ಷಗಳ ಮೇಲೆ.

ಮುಸ್ಲಿಂ ಮಹಿಳೆಯರಿಗೆ 1939ರಲ್ಲೇ ವಿವಾಹ ವಿಸರ್ಜನೆಯ ಕಾಯ್ದೆ ಬಂದಿತ್ತು. ಅದು ಬಂದ ಬಗೆ ಕುತೂಹಲಕರ. ನ್ಯಾಯಾಲಯಗಳು ಅನುಸರಿಸುತ್ತಿದ್ದ ಹನಫಿ ನಿಯಮಗಳಲ್ಲಿ ಹೆಂಡತಿಗೆ ಬಿಡುಗಡೆ ಪಡೆಯುವ ದಾರಿಯೇ ಇಲ್ಲವೆನ್ನುವಷ್ಟು ಕಷ್ಟವಿತ್ತು. ಮತ ಬಿಟ್ಟರೆ ಮಾತ್ರ ಮದುವೆ ಮುರಿಯುತ್ತಿತ್ತು. ಪಂಜಾಬಿನಲ್ಲಿ ಕೆಲವು ಹೆಂಗಸರು ಇದೇ ಕಾರಣಕ್ಕೆ ಕ್ರೈಸ್ತರಾದರು. ಗಾಬರಿಗೊಂಡ ಉಲೇಮಾಗಳು ಪರಿಹಾರ ಹುಡುಕತೊಡಗಿದರು. ಮೌಲಾನಾ ಅಶ್ರಫ್ ಅಲಿ ಥಾನವಿ ಮಾಲಿಕಿ ಪಂಥದ ನಿಯಮಗಳನ್ನು ಎರವಲು ಪಡೆಯಬಹುದೆಂದರು. ಗಂಡ ನಾಲ್ಕು ವರ್ಷ ನಾಪತ್ತೆಯಾದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ ಹೆಂಡತಿ ಕೋರ್ಟಿಗೆ ಹೋಗಬಹುದೆಂದು ಹೊಸ ಕಾಯ್ದೆ ಹೇಳಿತು. ಮತಾಂತರದಿಂದಲೇ ಮದುವೆ ಮುರಿಯದೆಂದೂ ಅದೇ ಕಾಯ್ದೆ ಸೇರಿಸಿತು. ಚರ್ಚಿನ ಬಾಗಿಲು ಬಡಿದ ಆ ಹೆಂಗಸರು ತಮ್ಮ ಹಿಂದೆ ಉಳಿದವರಿಗೆ ಕೋರ್ಟಿನ ಬಾಗಿಲು ತೆರೆಸಿದ್ದರು. ಚರ್ಚಿನೊಳಗೆ ಹುಟ್ಟಿದವರು ಮಾತ್ರ ಇನ್ನೂ ಅರವತ್ತೆರಡು ವರ್ಷ ಕಾಯಬೇಕಾಯಿತು.

ಶಿವಮೊಗ್ಗದ ಶಾಲೆಯ ಹುಡುಗಿ ಮುಂದೆ ಹಾಸನದಲ್ಲಿ ವಕೀಲರಾದರು. ಮಸೀದಿಗೆ ಹೋಗಲು ಮಹಿಳೆಯರಿಗೂ ಹಕ್ಕಿದೆ ಎಂದದ್ದಕ್ಕೆ 2000ದಲ್ಲಿ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರ ಎದುರಿಸಿದರು. ಚಾಕು ಹಿಡಿದು ಬಂದವನನ್ನು ಅವರ ಪತಿ ತಡೆದರು. ಅವರ ‘ಕರಿ ನಾಗರಗಳು’ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಚಿತ್ರ ಮಾಡಿದರು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಗಂಡ ಕೈಬಿಟ್ಟ ಹೆಂಗಸೊಬ್ಬಳು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುತವಲ್ಲಿಯ ಬಳಿ ನ್ಯಾಯ ಕೇಳುವ ಕಥೆ ಅದು. ಆಕೆ ಕೇಳುವುದು ದಾನವನ್ನಲ್ಲ, ಶರೀಯತ್ತೇ ತನಗೆ ಕೊಟ್ಟಿರುವ ಹಕ್ಕನ್ನು.