ತೆಳ್ಳಗಿನ ಫ್ಲಿಪ್ ಫೋನ್ ತಗೊಳ್ಳೋ ಮುಂಚೆ ಇದನ್ನ ಓದ್ರಿ: ರೇಜರ್ ಇಟ್ಟವರ ಸಿಹಿ-ಕಹಿ, ಹಳೇದು-ಹೊಸದು ಎರಡರ ಪೂರ್ತಿ ಮಾಹಿತಿ

ಹಿಂದವಾಡಿ (ಬೆಳಗಾವಿ): ಮಡಚಿ ಜೇಬಿಗೆ ಹಾಕೋ ಫೋನ್ ಮತ್ತೆ ಬಂದೈತಿ. ಇಪ್ಪತ್ತು ವರ್ಷದ ಹಿಂದೆ ಮೋಟೋರೊಲಾ ರೇಜರ್ ವಿ3 ಹಿಡಿದು ತಿರುಗಾಡಿದವರ ಮಕ್ಕಳು ಈಗ ಆರ್‌ಪಿಡಿ ಕ್ರಾಸ್‌ನಲ್ಲಿ ಚಹಾ ಕುಡೀತಾ ಅದೇ ಹೆಸರಿನ ಹೊಸ ಫೋನಿನ ರೇಟ್ ಮಾತಾಡ್ತಾರೆ. ಇನ್ನೊಂದು ಕಡೆ, ಮನೆಯ ಕಪಾಟಿನಾಗ ಬಿದ್ದಿರೋ ಹಳೇ ವಿ3 ಮತ್ತೆ ಚಾಲೂ ಮಾಡಬಹುದಾ ಅಂತ ಕೇಳೋರೂ ಇದ್ದಾರೆ.

ಈ ಫೋನಿನ ಬಗ್ಗೆ ಯಾರನ್ನ ಕೇಳಿದರೂ ಉತ್ತರ ಎರಡು ಥರ ಬರುತ್ತದೆ. ಒಬ್ಬರು "ಅಂಥಾ ಫೋನ್ ಮತ್ತ ಬರಲಿಲ್ಲ" ಅಂತಾರೆ, ಮತ್ತೊಬ್ಬರು "ಬರೇ ಶೋಕಿ" ಅಂತಾರೆ. ಇಬ್ಬರದೂ ಖರೇನೇ. ಫೋನ್ ತೆಳ್ಳಗೆ, ಚಂದ ಆಗಬೇಕಾದರೆ ಬೇರೆ ಯಾವುದನ್ನಾದರೂ ಕಡಿಮೆ ಮಾಡಲೇಬೇಕು. ಏನು ಕಡಿಮೆ ಮಾಡ್ಯಾರ, ಅದು ನಮ್ಮ ಕೆಲಸಕ್ಕೆ ಬೇಕಾದದ್ದಾ ಅಂತ ಮೊದಲೇ ತಿಳಿದುಕೊಂಡರೆ ದುಡ್ಡು ಉಳಿಯುತ್ತದೆ.

ವಿ3 ಅಂದರೆ ಯಾವ ಫೋನ್?

ಮೋಟೋರೊಲಾ ಕಂಪನಿ ರೇಜರ್ ವಿ3 ಫೋನನ್ನು ಘೋಷಿಸಿದ್ದು 2004ರ ಜುಲೈನಲ್ಲಿ. ಅದೇ ವರ್ಷದ ಕೊನೆಗೆ ಮಾರುಕಟ್ಟೆಗೆ ಬಂತು. ಮಡಚಿದಾಗ ದಪ್ಪ 13.9 ಮಿಲಿಮೀಟರ್, ತೂಕ 95 ಗ್ರಾಂ. ಆಗಿನ ಫ್ಲಿಪ್ ಫೋನುಗಳು ಸಾಬೂನಿನ ಗಟ್ಟಿಯಷ್ಟು ದಪ್ಪ ಇದ್ದವು. ಅದರ ಮುಂದೆ ಇದು ಬ್ಲೇಡಿನಂಗ ಕಂಡಿದ್ದಕ್ಕೇ ಆ ಹೆಸರು.

ತೆಳ್ಳಗೆ ಮಾಡಿದ್ದು ಹೇಗೆ? ಬ್ಯಾಟರಿಯನ್ನು ಸರ್ಕ್ಯೂಟ್ ಬೋರ್ಡಿನ ಮೇಲೆ ಇಡದೆ ಪಕ್ಕಕ್ಕೆ ಇಟ್ಟರು. ಆಂಟೆನಾವನ್ನು ಮೇಲಿನಿಂದ ತೆಗೆದು ಕೆಳಗೆ, ಬಾಯಿ ಹತ್ತಿರ ಬರುವ ಉಬ್ಬಿನೊಳಗೆ ಸೇರಿಸಿದರು. ಕೀಪ್ಯಾಡಿಗೆ ಬಿಡಿಬಿಡಿ ಬಟನ್ ಹಾಕದೆ ಒಂದೇ ಲೋಹದ ಹಾಳೆಯಲ್ಲಿ ಅಂಕಿಗಳನ್ನು ಕೊರೆದರು. ಮೈಗೆ ಅಲ್ಯೂಮಿನಿಯಂ ಹಾಕಿದರು. ರೇಜರ್ ವಿ3 ಮತ್ತು ಅದರ ತಳಿಯ ಫೋನುಗಳು ಜಗತ್ತಿನಾದ್ಯಂತ 13 ಕೋಟಿಗಿಂತ ಹೆಚ್ಚು ಮಾರಾಟವಾದವು.

ಮೆಚ್ಚಿದವರು ಯಾಕೆ ಮೆಚ್ಚಿದರು?

ಮೊದಲನೇದು ಕೈಗೆ ಸಿಗುವ ಹಿತ. ಅಂಗಿ ಜೇಬಿನಾಗ ಇಟ್ಟರೆ ಭಾರ ಇಲ್ಲ, ಉಬ್ಬು ಕಾಣೋದಿಲ್ಲ. ಎರಡನೇದು ಹೊರಗಿನ ಸಣ್ಣ ಪರದೆ. ಯಾರ ಫೋನ್ ಅಂತ ತೆಗೆಯದೇ ನೋಡಬಹುದಿತ್ತು. ಮೂರನೇದು ಮಡಚಿದಾಗ ಒಳಗಿನ ಪರದೆಗೆ ಗೀರು ಬೀಳೋದಿಲ್ಲ, ಜೇಬಿನಲ್ಲಿ ತಾನೇ ಬಟನ್ ಒತ್ತಿ ಯಾರಿಗೋ ಕಾಲ್ ಹೋಗೋದಿಲ್ಲ. ಕೊನೇದಾಗಿ, ಮಾತು ಮುಗಿದ ಮೇಲೆ 'ಟಪ್' ಅಂತ ಮುಚ್ಚೋ ಮಜಾ.

ನಮ್ಮ ಕಾಕಾ ಖಾನಾಪುರದಾಗ ಗೊಬ್ಬರದ ಅಂಗಡಿ ನಡೆಸ್ತಾರೆ. ಅವರ ಹತ್ತಿರ ಒಂದು ವಿ3 ಇತ್ತು. ಮಾಲು ಕೊಡೋರ ಜೊತೆ ರೇಟ್ ಹೊಂದದಿದ್ದರೆ ಉತ್ತರ ಕೊಡದೆ ಟಪ್ ಅಂತ ಮುಚ್ಚಿಬಿಡೋರು. ಐದು ನಿಮಿಷದಾಗ ಆ ಕಡೆಯಿಂದಲೇ ಮತ್ತೆ ಫೋನ್ ಬರೋದು. "ಟಚ್ ಫೋನಿನಾಗ ಆ ಸಿಟ್ಟು ತೋರಿಸಾಕ ಬರೂದಿಲ್ಲಪಾ" ಅಂತ ಈಗಲೂ ಅಂತಾರೆ.

ಬೈದವರು ಯಾಕೆ ಬೈದರು?

- ಬ್ಯಾಟರಿ ಸಣ್ಣದು, 680 ಎಂಎಎಚ್. ದಿನವಿಡೀ ಮಾತಾಡುವ ವ್ಯಾಪಾರಸ್ಥರಿಗೆ ಸಂಜೆಗೆ ಚಾರ್ಜರ್ ಬೇಕಾಗುತ್ತಿತ್ತು.
- ಮೆಮೊರಿ ಕಾರ್ಡ್ ಹಾಕಲು ಜಾಗವೇ ಇಲ್ಲ. ಒಳಗಿನ ಜಾಗ ಸುಮಾರು 5 ಎಂಬಿ ಮಾತ್ರ. ಹಾಡು ತುಂಬಿಸುವ ಆಸೆ ಇದ್ದವರಿಗೆ ನಿರಾಸೆ.
- ಕ್ಯಾಮೆರಾ ವಿಜಿಎ. ಫೋಟೋ ಫೋನಿನಲ್ಲಿ ಪರವಾಗಿಲ್ಲ, ದೊಡ್ಡದು ಮಾಡಿದರೆ ಮುಖ ಗುರುತು ಹತ್ತೋದಿಲ್ಲ.
- ಇಯರ್‌ಫೋನ್, ಚಾರ್ಜರ್, ಕಂಪ್ಯೂಟರ್ ವೈರ್ ಎಲ್ಲಕ್ಕೂ ಒಂದೇ ಮಿನಿ ಯುಎಸ್‌ಬಿ ಕಿಂಡಿ. ಮಾಮೂಲಿ ಇಯರ್‌ಫೋನ್ ಪಿನ್ ಹೋಗೋದಿಲ್ಲ.
- ಮೆನು ಗೋಜಲು, ನಿಧಾನ. ನೋಕಿಯಾ ರೂಢಿ ಇದ್ದವರಿಗೆ ಮೆಸೇಜ್ ಬರೆಯೋದೇ ಕಷ್ಟ ಆಗುತ್ತಿತ್ತು.
- ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವೆ ಕಾಗದದಷ್ಟು ತೆಳ್ಳಗಿನ ಫ್ಲೆಕ್ಸ್ ಕೇಬಲ್ ಇರುತ್ತದೆ. ಬಾಗಿಲಿನ ಬಿಜಾಗರಿಯಂತೆ ದಿನಾ ತೆಗೆದು ಮುಚ್ಚಿ ಅದು ಸವೆದರೆ ಪರದೆ ಬೆಳ್ಳಗಾಗುತ್ತದೆ, ಇಲ್ಲವೇ ಆರಿಹೋಗುತ್ತದೆ. ಇದು ವಿ3 ಒಂದರದ್ದೇ ಅಲ್ಲ, ಆ ಕಾಲದ ಎಲ್ಲಾ ಫ್ಲಿಪ್ ಫೋನಿನ ರೋಗ.

ಇವುಗಳಲ್ಲಿ ಕೆಲವನ್ನು 2005ರ ಕೊನೆಗೆ ಬಂದ ವಿ3ಐ ಮಾಡೆಲ್‌ನಲ್ಲಿ ಸರಿ ಮಾಡಿದರು. ಅದಕ್ಕೆ ಮೆಮೊರಿ ಕಾರ್ಡ್ ಜಾಗ, 1.23 ಮೆಗಾಪಿಕ್ಸೆಲ್ ಕ್ಯಾಮೆರಾ ಸಿಕ್ಕವು. ಬ್ಯಾಟರಿಯ ಕಥೆ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ.

ಹಳೇ ವಿ3 ಈಗ ನಡೀತದಾ?

ನಡೀತದೆ, ಆದರೆ ಎಲ್ಲಾ ಸಿಮ್‌ಗೂ ಅಲ್ಲ. ವಿ3 ಬರೀ 2ಜಿ ಫೋನ್. ಜಿಯೋ 2016ರಲ್ಲಿ ಶುರುವಾದಾಗಿನಿಂದ 2ಜಿ ಕೊಟ್ಟೇ ಇಲ್ಲ, ಹಾಗಾಗಿ ಜಿಯೋ ಸಿಮ್ ಹಾಕಿದರೆ ಸಿಗ್ನಲ್ ಬರೋದೇ ಇಲ್ಲ. ಫೋನ್ ಕೆಟ್ಟಿದೆ ಅಂತ ರಿಪೇರಿಗೆ ಕೊಡುವ ಮುಂಚೆ ಬೇರೆ ಕಂಪನಿಯ 2ಜಿ ಸಿಮ್ ಹಾಕಿ ನೋಡ್ರಿ. ಕಣಕುಂಬಿ, ಜಾಂಬೋಟಿ ಕಡೆಯ ಕಾಡಿನ ಊರಿನವರು ತಮ್ಮ ಊರಲ್ಲಿ ಯಾವುದರ 2ಜಿ ಸಿಗುತ್ತದೆ ಅಂತ ಮೊದಲು ನೋಡಿಕೊಳ್ಳಬೇಕು. ಇದಕ್ಕೆ ದೊಡ್ಡ ಅಳತೆಯ ಸಿಮ್ ಬೇಕು. ಈಗಿನ ಸಣ್ಣ ಸಿಮ್ ಇದ್ದರೆ ಅಡಾಪ್ಟರ್ ಹಾಕಬೇಕಾಗುತ್ತದೆ.

ವಾಟ್ಸ್ಆ್ಯಪ್ ಬರೋದಿಲ್ಲ, ಕ್ಯೂಆರ್ ಸ್ಕ್ಯಾನ್ ಆಗೋದಿಲ್ಲ. ಹಾಗಂತ ಹಣ ಕಳಿಸೋಕೆ ದಾರಿಯೇ ಇಲ್ಲ ಅಂತಲ್ಲ. ಸಾದಾ ಫೋನಿಗಾಗಿ 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಶುರುವಾಗಿದೆ. ಕಾಲ್ ಮಾಡಿ, ಅದು ಹೇಳಿದಂತೆ ಬಟನ್ ಒತ್ತಿ ಹಣ ಕಳಿಸಬಹುದು. ಒಮ್ಮೆಗೆ ಇದ್ದ 5 ಸಾವಿರ ರೂಪಾಯಿ ಮಿತಿಯನ್ನು 10 ಸಾವಿರಕ್ಕೆ ಏರಿಸಿದ್ದಾರೆ.

ಸೆಕೆಂಡ್ ಹ್ಯಾಂಡ್ ತಗೋತಿದ್ದರೆ

ವಿ3 ಹೆಸರಿನ ಚೈನಾ ಸೆಟ್‌ಗಳು ಆ ಕಾಲದಲ್ಲಿ ಬೇಕಾದಷ್ಟು ಬಂದಿದ್ದವು. ಸರಿಯಾದ ಐಎಂಇಐ ನಂಬರ್ ಇಲ್ಲದ ಫೋನುಗಳನ್ನು 2009ರ ನವೆಂಬರ್ ಕೊನೆಯಿಂದ ದೇಶದಲ್ಲಿ ಬಂದ್ ಮಾಡಿದರು. ಹಾಗಾಗಿ ಹಳೇ ಫೋನ್ ಕೈಗೆ ಬಂದ ಕೂಡಲೇ *#06# ಒತ್ತಿ. 15 ಅಂಕಿಯ ಐಎಂಇಐ ಬರಬೇಕು. ಬ್ಯಾಟರಿ ತೆಗೆದರೆ ಒಳಗಿನ ಚೀಟಿಯಲ್ಲೂ ಅದೇ ನಂಬರ್ ಇರಬೇಕು. ಅನುಮಾನ ಇದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಗೆ ಎಸ್ಎಂಎಸ್ ಮಾಡ್ರಿ. ಇದು ದೂರಸಂಪರ್ಕ ಇಲಾಖೆಯ ಸೇವೆ. ಕಳುವಾದ ಮಾಲೋ, ಬ್ಲಾಕ್ ಆದದ್ದೋ ತಿಳಿಯುತ್ತದೆ.

ಬ್ಯಾಟರಿ ವಿಷಯದಲ್ಲಿ ಹುಷಾರ್. ಕಾಕಾ ಹಳೇ ಫೋನ್ ಮತ್ತೆ ಚಾಲೂ ಮಾಡಬೇಕಂತ ಬೆಳಗಾವಿಯ ಒಂದು ಅಂಗಡಿಯಲ್ಲಿ ಡೂಪ್ಲಿಕೇಟ್ ಬ್ಯಾಟರಿ ತಂದರು. ಅಂಗಡಿ ಹೆಸರು ಬೇಡ. ತಿಂಗಳೊಳಗೆ ಅದು ಉಬ್ಬಿ ಹಿಂದಿನ ಮುಚ್ಚಳ ಎದ್ದುಬಂತು. ವಾಪಸ್ ಒಯ್ದರೆ "ಬಿಲ್ ಎಲ್ಲೈತ್ರಿ?" ಅಂದರು. ಬಿಲ್ ಇರಲಿಲ್ಲ, ಮಾತು ಅಲ್ಲಿಗೇ ಮುಗೀತು. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚಾರ್ಜ್ ಮಾಡಬಾರದು, ಕಸದ ಬುಟ್ಟಿಗೂ ಹಾಕಬಾರದು. ಇ-ತ್ಯಾಜ್ಯ ತಗೊಳ್ಳೋ ಕಡೆ ಕೊಡಬೇಕು.

ಈಗಿನ ರೇಜರ್: ಹೆಸರು ಅದೇ, ಫೋನ್ ಬೇರೆ

ಮೋಟೋರೊಲಾ ಮೊಬೈಲ್ ವ್ಯವಹಾರ 2014ರಿಂದ ಚೀನಾದ ಲೆನೊವೊ ಕೈಯಲ್ಲಿದೆ. 2019ರ ನವೆಂಬರ್‌ನಲ್ಲಿ ಕಂಪನಿ ಮಡಚುವ ಪರದೆಯ ಹೊಸ ರೇಜರ್ ತೋರಿಸಿತು. ಭಾರತಕ್ಕೆ ಅದು ಬಂದದ್ದು 2020ರ ಮಾರ್ಚ್‌ನಲ್ಲಿ, ಬೆಲೆ 1,24,999 ರೂಪಾಯಿ. ಆಮೇಲೆ ಬೆಲೆ ಇಳಿಯುತ್ತಾ ಬಂತು. 2023ರ ಜುಲೈನಲ್ಲಿ ರೇಜರ್ 40ಕ್ಕೆ 59,999, 2025ರ ಮೇನಲ್ಲಿ ರೇಜರ್ 60ಕ್ಕೆ 49,999 ರೂಪಾಯಿ ಇಟ್ಟರು. ಅಲ್ಟ್ರಾ ಮಾಡೆಲ್‌ಗಳು ಇದಕ್ಕಿಂತ ಬಹಳ ದುಬಾರಿ. ಇವೆಲ್ಲ ಬಿಡುಗಡೆ ದಿನದ ಬೆಲೆ, ಈಗ ಅಂಗಡಿಯಲ್ಲಿ ಕೇಳಿ ನೋಡ್ರಿ.

2019ರ ಮಾಡೆಲ್ ಇಟ್ಟವರ ಅನುಭವವೂ ಹಳೇ ವಿ3 ಥರಾನೇ ಎರಡು ಭಾಗ ಆಯ್ತು. ಅಂದಕ್ಕೆ ಮರುಳಾದವರು ಬಹಳ. ಆದರೆ ಬ್ಯಾಟರಿ 2510 ಎಂಎಎಚ್ ಮಾತ್ರ, ಮಡಚುವಾಗ ಕಿರ್ ಅನ್ನೋ ಸದ್ದು, ಬೆಲೆ ನೋಡಿದರೆ ಎದೆ ಧಸಕ್. ಪರದೆಯಲ್ಲಿ ಉಬ್ಬು-ತಗ್ಗು ಇರೋದು ಸಹಜ ಅಂತ ಕಂಪನಿಯೇ ಹೇಳಿತ್ತು. ಅಮೆರಿಕದ ಸಿನೆಟ್ ಸಂಸ್ಥೆ ಯಂತ್ರದಿಂದ ಮಡಚಿ ನೋಡಿದಾಗ ಸುಮಾರು 27 ಸಾವಿರ ಸಲಕ್ಕೆ ಬಿಜಾಗರಿ ಸಿಕ್ಕಿಕೊಂಡಿತು. ಆ ಯಂತ್ರ ನಮ್ಮ ಫೋನಿಗೆ ಹೊಂದುವಂಥದ್ದಲ್ಲ ಅಂತ ಕಂಪನಿ ಉತ್ತರ ಕೊಟ್ಟಿತು.

ಬಿಜಾಗರಿಯ ಲೆಕ್ಕ

ಅಂಗಡಿಯವರು ದಿನಕ್ಕೆ 100 ಸಲ ಫೋನ್ ತೆಗೆದು ಮುಚ್ಚುತ್ತಾರೆ ಅಂತ ಹಿಡೀರಿ. ವರ್ಷಕ್ಕೆ 36,500 ಸಲ ಆಯ್ತು. 27 ಸಾವಿರ ಅಂದರೆ ಒಂಬತ್ತು ತಿಂಗಳು. ರೇಜರ್ 60ರ ಬಿಜಾಗರಿ 5 ಲಕ್ಷ ಸಲದವರೆಗೆ ತಾಳುತ್ತದೆ ಅಂತ ಕಂಪನಿ ಹೇಳುತ್ತದೆ. ಈ ಲೆಕ್ಕದಲ್ಲಿ 13 ವರ್ಷದ ಮೇಲಾಯ್ತು. ಆದರೆ ಅದು ಪ್ರಯೋಗಾಲಯದ ಲೆಕ್ಕ. ಅಲ್ಲಿ ಹಿಟ್ಟಿನ ಗಿರಣಿ ಇರೋದಿಲ್ಲ, ಇಟ್ಟಂಗಿ ಭಟ್ಟಿ ಇರೋದಿಲ್ಲ.

ಧೂಳಿನ ವಿಷಯಕ್ಕೆ ಬಾಕ್ಸ್ ಮೇಲಿನ ಐಪಿ ನಂಬರ್ ನೋಡಬೇಕು. ಮೊದಲ ಅಂಕಿ ಧೂಳಿನದು, ಎರಡನೇದು ನೀರಿನದು. ರೇಜರ್ 60ಕ್ಕೆ ಐಪಿ48 ಇದೆ. 8 ಅಂದರೆ ನೀರಲ್ಲಿ ಬಿದ್ದರೂ ಒಂದು ಮಟ್ಟಕ್ಕೆ ತಡೆಯುತ್ತದೆ, ಖಾನಾಪುರದ ಮಳೆಗೆ ಅಷ್ಟು ಹೆದರಬೇಕಿಲ್ಲ. ಆದರೆ 4 ಅಂದರೆ ಒಂದು ಮಿಲಿಮೀಟರಿಗಿಂತ ದೊಡ್ಡ ಕಣಕ್ಕೆ ಮಾತ್ರ ತಡೆ. ಹಿಟ್ಟು, ಸಿಮೆಂಟ್, ಇಟ್ಟಂಗಿ ಪುಡಿ ಅದಕ್ಕಿಂತ ಬಹಳ ಸಣ್ಣದು. ಮಳೆಗೆ ಗಟ್ಟಿ, ಧೂಳಿಗೆ ಮೆತ್ತಗೆ ಅಂತ ನೆನಪಿಟ್ಟರೆ ಸಾಕು.

ಯಾರಿಗೆ ಸರಿ, ಯಾರಿಗೆ ಬೇಡ?

ಆಫೀಸ್, ಬಟ್ಟೆ ಅಂಗಡಿ, ಬ್ಯೂಟಿ ಪಾರ್ಲರ್, ಕಾಲೇಜು ಇಂಥ ಕಡೆ ಇರೋರಿಗೆ, ಜೊತೆಗೆ ರಿಪೇರಿ ಖರ್ಚು ತಡೆಯೋರಿಗೆ ಹೊಸ ಫ್ಲಿಪ್ ಚಲೋ. ಗಿರಣಿ, ಹಾರ್ಡ್‌ವೇರ್, ಗ್ಯಾರೇಜ್, ಭಟ್ಟಿ, ಹೊಲದ ಕೆಲಸದವರಿಗೆ ಸಾದಾ ಟಚ್ ಫೋನೇ ವಾಸಿ. 50 ಸಾವಿರ ಅಂದರೆ ಸಣ್ಣ ಅಂಗಡಿಗೆ ದೀಪಾವಳಿ ಮಾಲು ತರುವ ದುಡ್ಡು. ಇಎಂಐ ಮೇಲೆ ತಗೊಂಡು ಕಂತು ಮುಗಿಯೋ ಮುಂಚೆ ಪರದೆ ಹೋದರೆ, ಫೋನ್ ಇಲ್ಲದೇ ಕಂತು ಕಟ್ಟಬೇಕಾಗುತ್ತದೆ.

ತಗೊಳ್ಳೋ ಮುಂಚೆ ಕೇಳಬೇಕಾದ ಐದು ಪ್ರಶ್ನೆ

1. ಹತ್ತಿರದ ಅಧಿಕೃತ ಸರ್ವಿಸ್ ಸೆಂಟರ್ ಎಲ್ಲಿದೆ? ಮಡಚುವ ಪರದೆ ಅಲ್ಲೇ ಬದಲಿಸುತ್ತಾರಾ, ಇಲ್ಲಾ ಬೇರೆ ಊರಿಗೆ ಕಳಿಸುತ್ತಾರಾ?
2. ವಾರಂಟಿ ಮುಗಿದ ಮೇಲೆ ಒಳ ಪರದೆಗೆ ಎಷ್ಟು ಖರ್ಚು?
3. ಬಿದ್ದು ಒಡೆದದ್ದು ಸಾಮಾನ್ಯವಾಗಿ ವಾರಂಟಿಯಲ್ಲಿ ಬರೋದಿಲ್ಲ. ಅದಕ್ಕೆ ಬೇರೆ ಪ್ಲಾನ್ ಇದೆಯಾ?
4. ಒಳ ಪರದೆ ಮೇಲಿನ ಫಿಲ್ಮ್ ಎದ್ದರೆ ಯಾರು ಹಾಕಿಕೊಡುತ್ತಾರೆ? ಅದು ಸ್ಕ್ರೀನ್ ಗಾರ್ಡ್ ಅಲ್ಲ, ಪರದೆಯ ಭಾಗ. ಉಗುರಿನಿಂದ ಕೀಳಬೇಡ್ರಿ.
5. ಐಎಂಇಐ ಬರೆದ ಪಕ್ಕಾ ಜಿಎಸ್‌ಟಿ ಬಿಲ್ ಕೊಡುತ್ತೀರಾ?

ಕೈಕೊಟ್ಟರೆ ಎಲ್ಲಿಗೆ ಹೋಗಬೇಕು?

ಮೊದಲು ಅಂಗಡಿಗೂ ಕಂಪನಿಗೂ ಬರವಣಿಗೆಯಲ್ಲಿ ದೂರು ಕೊಡಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಪ್ರಕಾರ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿ ಇರುವ ಊರಿಗೆ ಹೋಗಬೇಕಿಲ್ಲ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕ ಇಲ್ಲ. ಸಮಸ್ಯೆ ಶುರುವಾದ ಎರಡು ವರ್ಷದೊಳಗೆ ಹಾಕಬೇಕು. ಅಂಗಡಿಯವರಿಗೆ ಒಂದು ಸೂಚನೆ: ಮಾರಾಟಕ್ಕೆ ಅಂತ ತಂದ ಫೋನಿಗೆ ನೀವು ಗ್ರಾಹಕ ಆಗೋದಿಲ್ಲ, ಸ್ವಂತ ಬಳಕೆಗೆ ತಗೊಂಡರೆ ಆಗ್ತೀರಿ. ಬಿಲ್ ಯಾರ ಹೆಸರಲ್ಲಿದೆ ನೋಡಿಕೊಳ್ರಿ.

ಕಾಕಾನ ವಿ3 ಈಗಲೂ ಕಪಾಟಿನಾಗ ಐತಿ, ಬ್ಯಾಟರಿ ಇಲ್ಲ. ಆಗಾಗ ತೆಗೆದು ಟಪ್ ಅಂತ ಮುಚ್ಚಿ ಇಡ್ತಾರೆ. ಹೊಸ ರೇಜರ್ ತಗೋಳ್ರಿ ಅಂದರೆ ಮೊದಲು ಕೇಳೋದು ಒಂದೇ: "ಬಿಲ್ ಕೊಡ್ತಾರಂತೇನು?"